ಜೈತುನಬಿಯ ಗಿಂಡಿ ಭಾರವಾದದ್ದು

ಕರೆಂಟು ಕಂಬ ಹತ್ತುವುದನ್ನು ಬಿಟ್ಟು ಹೆಂಗಸರ ಸೊಂಟ ಹತ್ತಿದ ಕಾಲದ ಕಥೆ ಇದು. ಅರಳಿಕೊಪ್ಪದ ತಂತಿಗಳ ಮೇಲೆ ಆಗ ಕಾಗೆ ಕೂರುತ್ತಿದ್ದವು, ಒದ್ದೆ ಸೀರೆ ಒಣಗುತ್ತಿದ್ದವು, ಕರೆಂಟು ಮಾತ್ರ ಹರಿಯುತ್ತಿರಲಿಲ್ಲ. ಬೆಳಗಾದರೆ ಊರಿಗೆ ಊರೇ ಹಿತ್ತಾಳೆಯ ಗಿಂಡಿ ಎತ್ತಿಕೊಂಡು ಪೇಟೆಯ ಕರೆಂಟಿನ ಅಂಗಡಿಗೆ ಹೊರಡುವುದು, ಸಾಲು ಹಚ್ಚುವುದು, ಎಣ್ಣೆ ತೂಗಿಸಿಕೊಂಡ ಹಾಗೆ ಕರೆಂಟು ತೂಗಿಸಿಕೊಂಡು ಮನೆಗೆ ಬರುವುದು. ತುಂಬಿದ ಗಿಂಡಿ ಭಾರ. ಮನೆಯಲ್ಲಿ ದೀಪ, ಫ್ಯಾನು, ಮಿಕ್ಸಿ ಹಚ್ಚಿದಂತೆಲ್ಲ ಹಗುರ. ಸಂಜೆ ಗಿಂಡಿಯ ಹಿಡಿಕೆ ಹಿಡಿದು ಒಮ್ಮೆ ಎತ್ತಿ ನೋಡಿದರೆ ಸಾಕು, ಬೆಳಗಿನ ತನಕ ಫ್ಯಾನು ತಿರುಗುತ್ತದೋ ಇಲ್ಲವೋ ಮುದುಕಿಯರೂ ಹೇಳುತ್ತಿದ್ದರು.

ಮೊದಮೊದಲು ಜನ ಬೆರಗಾದರು, ಆಮೇಲೆ ಒಗ್ಗಿಹೋದರು. ಒಬ್ಬ ಕಳ್ಳನ ಕಥೆಯನ್ನಂತೂ ಈಗಲೂ ಹೇಳುತ್ತಾರೆ. ಅವನು ಮದುವೆ ಮನೆಯ ತುಂಬಿದ ಗಿಂಡಿಗಳನ್ನೆಲ್ಲ ಒಂದೇ ಗಂಟು ಕಟ್ಟಿ ಹೊತ್ತನಂತೆ. ಗಿಂಡಿಯೊಳಗಿನ ಅಯಸ್ಕಾಂತಗಳು ಒಂದನ್ನೊಂದು ಹಿಡಿದವು, ಅವನ ಸೊಂಟದ ಕೀಲಿಗೊಂಚಲನ್ನೂ ಹಿಡಿದವು. ಅಗಸೆಬಾಗಿಲ ಹತ್ತಿರ ಕೂತವನು ಏಳಲಾರ. ಹೋಗಿಬರುವವರನ್ನೆಲ್ಲ ಕರೆದು, ಪುಣ್ಯ ಬರುತ್ತದೆ, ಸ್ವಲ್ಪ ಹೊತ್ತು ಯಾರಾದರೂ ಫ್ಯಾನು ಹಚ್ಚಿಕೊಳ್ಳಿ, ನಾನಿಷ್ಟು ಹಗುರಾಗುತ್ತೇನೆ ಎಂದು ಕೈಮುಗಿದು ಬೇಡಿಕೊಂಡನಂತೆ.

ಈ ಗಿಂಡಿಯನ್ನು ಹುಟ್ಟಿಸಿದವರು ಮಂದಾಕಿನಿ ಗಲಗಲಿ ಎಂಬ ವಿಜ್ಞಾನಿ. ಅಂಗಡಿಯ ಹಿಂದಿನ ಕೋಣೆಯೇ ಅವರ ಪ್ರಯೋಗಶಾಲೆ. ತುಂಬುವ ಯಂತ್ರ ಅಲ್ಲೇ ಗುಂಯ್ ಎನ್ನುತ್ತಿತ್ತು, ಮುಳ್ಳುಗಳು ನಡುಗುತ್ತಿದ್ದವು, ಮಂದಾಕಿನಿ ಅವುಗಳ ಮುಂದೆ ಕೂತು ಅವಲಕ್ಕಿ ತಿನ್ನುತ್ತಿದ್ದರು. ಮುಂದಿನ ಕಟ್ಟೆಯ ಮೇಲೆ ತಕ್ಕಡಿ ಹಿಡಿದು ಕೂತವಳು ಶಾವಂತ್ರೆವ್ವ. ಅವಳು ಅದಕ್ಕೆ ಮುಂಚೆ ಅದೇ ಪೇಟೆಯಲ್ಲಿ ಕಾಯಿಪಲ್ಯ ಮಾರುತ್ತಿದ್ದವಳು. ಎಲೆಕ್ಟ್ರಾನಿಕ್ ತೂಕದ ಯಂತ್ರಗಳು ಗಿಂಡಿಯ ಅಯಸ್ಕಾಂತ ಕಂಡರೆ ಹುಚ್ಚು ಹಿಡಿದಂತೆ ಏನೇನೋ ತೋರಿಸುತ್ತಿದ್ದವು, ಕಬ್ಬಿಣದ ಕಲ್ಲುಗಳು ತಟ್ಟೆಯಿಂದ ಹಾರಿ ಗಿಂಡಿಗೆ ಅಂಟುತ್ತಿದ್ದವು. ಕೊನೆಗೆ ಮಂದಾಕಿನಿ ಮರದ ದಂಡಿಗೆಯ ತಕ್ಕಡಿ ಮಾಡಿಸಿ, ಹಿತ್ತಾಳೆಯ ಕಲ್ಲು ಎರಕ ಹೊಯ್ಸಿ, ಅದನ್ನು ನೆಟ್ಟಗೆ ಹಿಡಿಯಬಲ್ಲ ಕೈ ಹುಡುಕಿ ಶಾವಂತ್ರೆವ್ವನನ್ನು ಕರೆದಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾವಂತ್ರೆವ್ವನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ತಟ್ಟೆಗೆ ಏನಾದರೂ ಹಾಕಿದರೆ ತಟ್ಟೆ ಇಳಿಯುತ್ತದೆ, ಇದು ಅವಳು ಬಲ್ಲ ವಿದ್ಯೆ. ಇಲ್ಲಿ ಏನೂ ಹಾಕದೆ ಗಿಂಡಿ ಭಾರವಾಗುತ್ತದೆಂದರೆ ಅದು ಗಾರುಡಿಯೇ ಸರಿ. ಮಂದಾಕಿನಿ ಒಂದು ಗಿಂಡಿಯನ್ನು ಬಿಚ್ಚಿ ತೋರಿಸಿದರು. ಹೊಟ್ಟೆಯಲ್ಲಿ ಬಳೆಯಂಥ ಟೊಳ್ಳು ಕೊಳವೆ. ಅದರೊಳಗೆ ಎಲೆಕ್ಟ್ರಾನುಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತವೆ. ಸುತ್ತ ಜೋಡಿಸಿದ ಅಯಸ್ಕಾಂತಗಳು ಆ ಎತ್ತಿನ ಮೂಗುದಾರ. ಅವು ಜಗ್ಗದಿದ್ದರೆ ಎಲೆಕ್ಟ್ರಾನು ತಿರುಗದೆ ನೆಟ್ಟಗೆ ಹೋಗಿ ಗೋಡೆಗೆ ಬಡಿಯುತ್ತದೆ. ಕೊಳವೆಯ ಒಳಮೈಗೆ ಮಂದಾಕಿನಿಯೇ ಕಂಡುಹಿಡಿದ ಕರಿಯ ಲೇಪ. ಹೊರಲೋಕದಲ್ಲಿ ಬೆಳಕು ಕಣ್ಣು ಮುಚ್ಚಿ ತೆರೆಯುವುದರೊಳಗೆ ಭೂಮಿ ಸುತ್ತಿ ಬರುವಂಥದ್ದು. ಆ ಲೇಪದ ಒಳಗೆ ಮಾತ್ರ ಅದು ಕೋವಿಯ ಗುಂಡಿನಷ್ಟೇ ಓಡುತ್ತದೆ. ಬೆಳಕು ಎಲ್ಲಿ ನಿಧಾನವೋ ಅಲ್ಲಿ ಸ್ವಲ್ಪ ಶಕ್ತಿಯೇ ರಾಶಿ ತೂಕವಾಗುತ್ತದೆ ಎಂದರು ಮಂದಾಕಿನಿ. ಶಾವಂತ್ರೆವ್ವ ತಲೆ ಕೆರೆದುಕೊಂಡಳು. ಆಗ ಅವರು ಅವಲಕ್ಕಿಯ ತಟ್ಟೆ ಕೆಳಗಿಟ್ಟು ಬೇರೆ ದಾರಿ ಹಿಡಿದರು.

"ಒಬ್ಬ ಪೈಲವಾನ ಓಡ್ಲಿಕ್ಕೆ ಹತ್ಯಾನ ಅನ್ಕೋರಿ. ಸುತ್ತಿಗೊಂದು ರೊಟ್ಟಿ ಕೊಡ್ತೀರಿ. ಮೊದ್ಲಿಗೆ ರೊಟ್ಟಿ ಕಾಲಿಗೆ ಇಳೀತದ, ಜೋರ ಓಡ್ತಾನ. ಬೆಳಕಿನ ಬೆನ್ನ ಮುಟ್ಟೂ ಹಂಗ ಆದ ಮ್ಯಾಲೆ ಇನ್ನ ಜೋರ ಓಡ್ಲಿಕ್ಕೆ ಆಗೂದಿಲ್ಲ. ಬೆಳಕನ್ನ ದಾಟಿ ಹೋಗೂ ಹುಕುಂ ಯಾರಿಗೂ ಇಲ್ಲ. ಆವಾಗ ಕೊಟ್ಟ ರೊಟ್ಟಿ ಎಲ್ಲಿ ಹೋಗ್ಬೇಕ್ರಿ? ಹೊಟ್ಟಿಗೆ ಕೂಡ್ತದ. ಓಟ ಅಷ್ಟ ಇರ್ತದ, ಭಾರ ಏರ್ತದ."

"ಪೈಲವಾನ್ರು ಹೆಚ್ಚಿಗಿ ಆಗಿರಂಗಿಲ್ಲೇನ್ರಿ ಅಕ್ಕಾರ?"

"ಒಬ್ಬನೂ ಹೆಚ್ಚಿಗಿ ಇಲ್ಲ. ಇದ್ದಷ್ಟs ಮಂದಿ. ದೀಪ ಹಚ್ಚಿದ್ರ ತಿಂದ ರೊಟ್ಟಿ ವಾಪಸ್ ಕೊಡ್ತಾರ, ತೆಳ್ಳಗಾಗ್ತಾರ."

ಹಾಗಾದರೆ ತನ್ನ ಬುಟ್ಟಿಯ ಆಲೂಗಡ್ಡೆ ಹೊತ್ತು ಓಡಿದರೆ ಅದೂ ಭಾರವಾಗಬೇಕಲ್ಲ ಎಂದು ಶಾವಂತ್ರೆವ್ವ ಕೇಳಿದಳು. ಆಗುತ್ತದೆ, ಆದರೆ ಇರುವೆಯ ಕಾಲಿನ ಧೂಳಿಗಿಂತ ಕಡಿಮೆ ಎಂದರು ಮಂದಾಕಿನಿ. ಇಷ್ಟು ವರ್ಷ ಬುಟ್ಟಿ ಹೊತ್ತು ಪೇಟೆಗೆ ಓಡಿ ಬಂದು ಗಿರಾಕಿಗಳಿಗೆ ಎಷ್ಟೆಷ್ಟು ಕಡಿಮೆ ಆಲೂಗಡ್ಡೆ ಕೊಟ್ಟೆನೋ ಎಂದು ಅವಳು ಆ ದಿನವೆಲ್ಲ ಸಣ್ಣಗೆ ಕೊರಗಿದಳು. ಅಷ್ಟು ಸಾಚಾ ಹೆಂಗಸು.

ಆ ಸಾಚಾತನವೇ ಮುಂದೆ ಕಾಡಿತು.

ಖಾಲಿ ಗಿಂಡಿಗಳೆಲ್ಲ ಒಂದೇ ತೂಕದವು. ಅದಕ್ಕೆ ಸರಿಯಾದ ಒಂದು ಹಿತ್ತಾಳೆಯ ಗಟ್ಟಿಯನ್ನು ಮಂದಾಕಿನಿ ಮಾಡಿಸಿಕೊಟ್ಟಿದ್ದರು. ಎಲ್ಲರ ಗಿಂಡಿಗೂ ಪಾತ್ರೆಯ ತೂಕ ಕಳೆಯುವ ಧಡೆ ಇದೇ, ಇದನ್ನಿಟ್ಟು ಮೇಲೆ ಐದು ಕಿಲೋ ಬರುವ ತನಕ ತುಂಬಿ ಎಂದಿದ್ದರು. ಯಾಕೆ ಎಂದು ಹೇಳಿರಲಿಲ್ಲ. ಶಾವಂತ್ರೆವ್ವ ಕೇಳಿರಲೂ ಇಲ್ಲ, ಯಾಕೆಂದರೆ ಧಡೆ ಕಟ್ಟುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಿರಾಕಿ ಪಾತ್ರೆ ತಂದರೆ ಮೊದಲು ಆ ಪಾತ್ರೆಯನ್ನು ಇದ್ದ ಹಾಗೆಯೇ ತಟ್ಟೆಯಲ್ಲಿಟ್ಟು, ಎದುರು ತಟ್ಟೆಗೆ ಕಲ್ಲು ಹಾಕಿ ಸರಿ ಮಾಡಬೇಕು. ಆಮೇಲೆ ಮಾಲು ಹಾಕಬೇಕು. ಪಾತ್ರೆಯ ತಳದಲ್ಲಿ ನಿನ್ನೆಯ ಎಣ್ಣೆ ಉಳಿದಿದ್ದರೆ ಅದು ಗಿರಾಕಿಯದು. ಅದನ್ನೂ ತನ್ನ ಮಾಲಿನ ಲೆಕ್ಕದಲ್ಲಿ ಹಿಡಿಯುವವಳು ಹಾಳುಬಾವಿಗೆ ಬೀಳುತ್ತಾಳೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಹಾಗಾಗಿ ಮಂದಾಕಿನಿಯ ಗಟ್ಟಿಯನ್ನು ಅವಳು ಮೂಲೆಗಿಟ್ಟು, ಬಂದ ಬಂದ ಗಿಂಡಿಗೆ ಬೇರೆ ಬೇರೆ ಧಡೆ ಕಟ್ಟಿ, ಮೇಲೆ ಐದು ಕಿಲೋ ತುಂಬಿ ಕಳಿಸುತ್ತಿದ್ದಳು.

ಇದರಿಂದ ಯಾರಿಗೂ ಏನೂ ಆಗಲಿಲ್ಲ. ಊರಿನವರೆಲ್ಲ ಗಿಂಡಿಯನ್ನು ನೆಕ್ಕಿ ನೆಕ್ಕಿ ಖಾಲಿ ಮಾಡಿಯೇ ತರುತ್ತಿದ್ದರು. ಜೈತುನಬಿ ಒಬ್ಬಳನ್ನು ಬಿಟ್ಟು.

ಜೈತುನಬಿ ಶಾವಂತ್ರೆವ್ವನ ಗೆಳತಿ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತು, ಇವಳು ಬದನೆಕಾಯಿ ಅವಳು ಲಿಂಬೆಹಣ್ಣು ಮಾರಿ, ಒಂದೇ ಡಬ್ಬಿಯಲ್ಲಿ ಉಂಡು ಬೆಳೆದವರು. ಅವಳ ಗಂಡ ರಾಜೇಸಾಬ ಜಿನ್ನು ಎಂಬ ಹತ್ತಿ ಗಿರಣಿಯಲ್ಲಿ ಅರಳೆ ಬಿಡಿಸುವ ಯಂತ್ರಕ್ಕೆ ಹತ್ತಿ ಹಾಕುತ್ತ ಹಾಕುತ್ತ ಎದೆಯ ತುಂಬ ಅರಳೆಯ ಧೂಳು ತುಂಬಿಕೊಂಡು ಮನೆ ಹಿಡಿದಿದ್ದ. ಮೂಗಿಗೆ ನಳಿಗೆ, ನಳಿಗೆಗೆ ಉಸಿರಿನ ಯಂತ್ರ, ಯಂತ್ರಕ್ಕೆ ಗಿಂಡಿ. ಯಂತ್ರ ನಿಂತರೆ ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತು ಅವನು ತಡೆಯಬಲ್ಲ, ಅದಕ್ಕಿಂತ ಹೆಚ್ಚಿಲ್ಲ. ಆ ಹೆದರಿಕೆಗೆ ಜೈತುನಬಿ ಮನೆಯಲ್ಲಿ ಫ್ಯಾನು ಹಚ್ಚಳು, ಮಿಕ್ಸಿ ಮುಟ್ಟಳು. ದಿನವೂ ಅರ್ಧ ಗಿಂಡಿ ಉಳಿದಿರುವಾಗಲೇ ಅದನ್ನು ಕಿತ್ತು, ನೆರೆಮನೆಯವರ ಗಿಂಡಿ ಹಚ್ಚಿಟ್ಟು, ತನ್ನದನ್ನು ಅಂಗಡಿಗೆ ಹೊತ್ತು ತರುವಳು. ಶಾವಂತ್ರೆವ್ವ ಆ ಅರ್ಧಕ್ಕೆ ಧಡೆ ಕಟ್ಟಿ ಮೇಲೆ ಐದು ಕಿಲೋ ಕೊಡುವಳು. ಹೀಗೆ ಉಳಿದದ್ದರ ಮೇಲೆ ತುಂಬಿ, ತುಂಬಿದ್ದರಲ್ಲಿ ಉಳಿದು, ಎಳೆಗೂಸಿನಷ್ಟಿದ್ದ ಗಿಂಡಿ ಶಾಲೆಗೆ ಹೋಗುವ ಹುಡುಗನಷ್ಟು ಭಾರವಾಯಿತು. ಜೈತುನಬಿ ತಲೆಯ ಮೇಲೆ ಸಿಂಬೆ ಇಟ್ಟು, ಹೆಜ್ಜೆಗೊಮ್ಮೆ ಅಲ್ಲಾನನ್ನು ನೆನೆದು ಹೊತ್ತೊಯ್ಯುವಳು. ಕುತ್ತಿಗೆ ನೋಯುತ್ತದೆ ಎಂದು ಒಮ್ಮೆಯೂ ಅನ್ನಲಿಲ್ಲ. ಭಾರವಿದ್ದಷ್ಟೂ ಗಂಡನ ಉಸಿರು ಮನೆಯಲ್ಲಿ ಜಮೆಯಿದ್ದ ಹಾಗೆ ಅವಳಿಗೆ.

ಒಂದು ದಿನ ಅವಳು ಗಿಂಡಿಯಿಲ್ಲದೆ ಬರಿಗೈಯಲ್ಲಿ ಅಂಗಡಿಗೆ ಬಂದಳು. ಮುಖದ ತುಂಬ ಹಿಗ್ಗು. ತನ್ನ ಗಿಂಡಿ ಈಗ ತಾನಾಗಿಯೇ ಬೆಳಗುತ್ತಿದೆ, ಕುತ್ತಿಗೆಯ ಸುತ್ತ ನೀಲಿ ಬೆಳಕು, ಅದರ ಮುಂದೆ ಕೂತರೆ ಅಕ್ಕಿಯಲ್ಲಿನ ಹರಳು ಕಾಣುತ್ತವೆ, ದೀಪ ಹಚ್ಚುವುದನ್ನೇ ಬಿಟ್ಟಿದ್ದೇನೆ ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ಆದರೆ ಇವತ್ತು ಬೆಳಿಗ್ಗೆ ವಾಯರು ಬಿಚ್ಚಲು ಹೋದರೆ ಗಿಂಡಿಯ ಮೂತಿ ಬಿಸಿಯಾಗಿ ಅದನ್ನು ಕಚ್ಚಿಕೊಂಡಿದೆ, ಏನು ಮಾಡಿದರೂ ಬಿಡುತ್ತಿಲ್ಲ, ಅಕ್ಕಾರನ್ನು ಕೇಳಿಕೊಂಡು ಹೋಗೋಣ ಎಂದು ಬಂದೆ ಎಂದಳು.

ಒಳಗೆ ಮಂದಾಕಿನಿಯ ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು. ಅವರು ಹೊರಗೆ ಬಂದು, ಜೈತುನಬಿಯ ಗಿಂಡಿಯನ್ನು ಹೇಗೆ ತೂಗುತ್ತಿದ್ದಿರಿ, ತೋರಿಸಿ ಎಂದರು. ಶಾವಂತ್ರೆವ್ವ ಅರ್ಧ ತುಂಬಿದ ಒಂದು ಗಿಂಡಿ ಇಟ್ಟು, ಕಲ್ಲು ಹಾಕಿ, ಮುಳ್ಳು ನೆಟ್ಟಗೆ ನಿಲ್ಲಿಸಿ, ಆಮೇಲೆ ಐದು ಕಿಲೋ ಎಂದು ತೋರಿಸಿದಳು. ಮಂದಾಕಿನಿ ಮೂಲೆಯಲ್ಲಿದ್ದ ತಮ್ಮ ಗಟ್ಟಿಯನ್ನು ನೋಡಿದರು, ತಕ್ಕಡಿಯನ್ನು ನೋಡಿದರು, ಕಟ್ಟೆಯ ಮೇಲೆ ಕೂತುಬಿಟ್ಟರು.

ಆಮೇಲೆ ಮೆಲ್ಲಗೆ ಹೇಳಿದರು. ಮೂಗುದಾರ ಎಷ್ಟು ಗಟ್ಟಿಯೋ ಅಷ್ಟೇ ಭಾರದ ಎತ್ತನ್ನು ಅದು ತಿರುಗಿಸುತ್ತದೆ. ಐದು ಕಿಲೋ ಎಂದರೆ ಐದೇ. ಜೈತುನಬಿಯ ಗಿಂಡಿಯಲ್ಲಿ ಎಲೆಕ್ಟ್ರಾನುಗಳು ತಿಂದು ತಿಂದು ದಡೂತಿಯಾಗಿವೆ, ತಿರುವಿನಲ್ಲಿ ತಿರುಗಲಾರದೆ ಹೊರಗೋಡೆಗೆ ಮೈ ತಿಕ್ಕುತ್ತಿವೆ. ಆ ತಿಕ್ಕಾಟಕ್ಕೇ ಮೂತಿ ಕಾದದ್ದು. ನೀಲಿ ಬೆಳಕೆಂದರೆ ಅವು ತಿರುವಿನಲ್ಲಿ ಚೆಲ್ಲುತ್ತಿರುವ ರೊಟ್ಟಿ. ಕರಿಯ ಲೇಪ ಒಂದು ಕಡೆ ಸವೆದು ತೂತಾಯಿತೆಂದರೆ, ಅಲ್ಲಿ ಬೆಳಕಿಗೆ ತನ್ನ ಹಳೆಯ ಓಟ ನೆನಪಾಗುತ್ತದೆ, ಅಷ್ಟೂ ಭಾರ ಒಂದೇ ಏಟಿಗೆ ಬೆಂಕಿಯಾಗುತ್ತದೆ. ಮನೆ ಉಳಿಯುವುದಿಲ್ಲ.

ಜೈತುನಬಿ ಆಗಲೇ ಓಡುತ್ತಿದ್ದಳು.

ಶಾವಂತ್ರೆವ್ವ ಹಿತ್ತಾಳೆಯ ಕಲ್ಲುಗಳನ್ನು ಉಡಿಯಲ್ಲಿ ಕಟ್ಟಿಕೊಂಡಳು, ತಕ್ಕಡಿ ಹೆಗಲಿಗೆ ಹಾಕಿಕೊಂಡಳು. ಮಂದಾಕಿನಿ ಅಯಸ್ಕಾಂತ ಬಿಗಿ ಮಾಡುವ ತಿರುಪುಳಿಯನ್ನೂ ಒಂದು ಸರಿಯಾದ ಗಿಂಡಿಯನ್ನೂ ತಂದರು. ಇಬ್ಬರೂ ಆಟೋ ಹತ್ತಿದರು. ನನ್ನ ಕೈಯಿಂದ ನನ್ನ ಜೈತುನನ ಗಂಡ ಹೋಗುತ್ತಾನೆ, ಅದೂ ನಾನು ಒಂದು ಗುಂಜಿ ಮೋಸ ಮಾಡದೆ ಇದ್ದದ್ದಕ್ಕೆ ಎಂಬ ಒಂದೇ ಯೋಚನೆ ಶಾವಂತ್ರೆವ್ವನ ತಲೆಯಲ್ಲಿ ಗಾಣದ ಹಾಗೆ ತಿರುಗುತ್ತಿತ್ತು. ಸುತ್ತಿದಷ್ಟೂ ಭಾರವಾಗುತ್ತಿತ್ತು.

ಜಿನ್ನಿನ ಓಣಿಯಲ್ಲಿ ಜನ ಸೇರಿದ್ದರು. ರಾಜೇಸಾಬ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಗಿಂಡಿ ನೀಲಿಯಾಗಿ ಉರಿಯುತ್ತಿತ್ತು. ಗಿಂಡಿಯ ವಾಯರು ಗೋಡೆಯ ಬೋರ್ಡಿಗೆ, ಬೋರ್ಡಿನಿಂದ ಉಸಿರಿನ ಯಂತ್ರಕ್ಕೆ, ಅದೂ ಕೀಳಲು ಬಾರದಂತೆ ಬೋರ್ಡಿನೊಳಗೇ ಬೆಸೆದದ್ದು. ಮಂದಾಕಿನಿ ಗಿಂಡಿಯ ಮೇಲೆ ಬಗ್ಗಿ ಕಿವಿಗೊಟ್ಟು ಕೇಳಿ, ಮೂರು ಮಾತು ಹೇಳಿದರು. ಹೀಗೇ ಬಿಟ್ಟರೆ ಸಂಜೆಯ ತನಕ ತಾಳುವುದಿಲ್ಲ. ಮೂತಿ ಆರುವ ತನಕ ವಾಯರನ್ನು ಜಗ್ಗಬಾರದು, ಒಂದೇ ಬೋರ್ಡಿಗೆ ಎರಡು ಗಿಂಡಿ ಹಚ್ಚಿದರೆ ಎರಡೂ ಕಾದಾಡುತ್ತವೆ, ಆದ್ದರಿಂದ ರಾಜೇಸಾಬ ಈ ಗಿಂಡಿಯ ಹತ್ತಿರವೇ ಇರಬೇಕು. ಇರುವ ದಾರಿ ಒಂದೇ, ಈ ಭಾರವನ್ನು ಬಳಸಿ ಬಳಸಿ ಇಳಿಸುವುದು.

ಓಣಿಯವರು ದೂರ ಹೋಗಿ ಎಂದರೆ ಹೋಗಲಿಲ್ಲ. ಬಳಸುವ ಕೆಲಸವೆಂದರೆ ನಮಗೇನು ಕಷ್ಟ ಎಂದು ನೀರು ಕಾಸುವ ಕಾಯಿಲ್ಲುಗಳನ್ನೂ ಬಕೆಟ್ಟುಗಳನ್ನೂ ತಂದರು. ಬೋರ್ಡಿನಿಂದ ಉದ್ದುದ್ದ ವಾಯರುಗಳು ಕಿಟಕಿಯಿಂದ ಹೊರಗೆ ಇಳಿದವು, ಜಿನ್ನಿನ ಕಲ್ಲುಗೋಡೆಯ ಆಚೆ ಬಕೆಟ್ಟುಗಳು ಸಾಲಾಗಿ ಕುದಿಯತೊಡಗಿದವು.

ಒಳಗೆ ಉಳಿದವರು ನಾಲ್ಕು ಜನ. ಇಲ್ಲಿ ನಿಜವಾದ ಸೂಕ್ಷ್ಮವಿತ್ತು. ಮಂದಾಕಿನಿ ಮೊದಲು ತಿರುಪುಳಿಯಿಂದ ಅಯಸ್ಕಾಂತವನ್ನು ಬಿಗಿ ಮಾಡಿ, ದಡೂತಿ ಎತ್ತುಗಳಿಗೆ ತಕ್ಕ ಮೂಗುದಾರ ಹಾಕಿದರು. ಆದರೆ ಕರೆಂಟು ಬಳಸಿದಂತೆ ಅವು ಹಗುರಾಗುತ್ತವೆ; ಹಗುರಾದ ಮೇಲೂ ಅಷ್ಟೇ ಜಗ್ಗಿದರೆ ಒಳಗೋಡೆಗೆ ಬೀಳುತ್ತವೆ. ಅವು ಎಷ್ಟು ಇಳಿದವೋ ಅಷ್ಟೇ ಸಡಿಲಿಸಬೇಕು, ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ. ಅದಕ್ಕೆ ಗಿಂಡಿ ತಕ್ಕಡಿಯಲ್ಲೇ ಇರಬೇಕು. ಶಾವಂತ್ರೆವ್ವ ತೊಲೆಯ ತೊಟ್ಟಿಲ ಕೊಂಡಿಗೆ ತಕ್ಕಡಿ ತೂಗುಹಾಕಿದಳು. ಗಿಂಡಿಯನ್ನು ಅಲುಗದಂತೆ ಎತ್ತಿ ತಟ್ಟೆಯಲ್ಲಿಡಬೇಕಿತ್ತು. ಜೈತುನಬಿ ಸೆರಗನ್ನು ಮಡಚಿ ಎರಡು ಕೈಗೂ ಸುತ್ತಿಕೊಂಡು ಮುಂದೆ ಬಂದಳು. ದಿನವೂ ಹೊತ್ತವಳಿಗೆ ಅದರ ಹೊಯ್ದಾಟ ಗೊತ್ತು. ನಿದ್ದೆ ಹೋದ ಮಗುವನ್ನು ಮಲಗಿಸಿದ ಹಾಗೆ ಇಟ್ಟಳು.

ಶಾವಂತ್ರೆವ್ವ ಎದುರು ತಟ್ಟೆಗೆ ಕಲ್ಲು ಹಾಕಿ ಮುಳ್ಳು ನಿಲ್ಲಿಸಿದಳು. ಗಿಂಡಿ ಹಗುರಾಗಿ ಮೇಲೇಳಲು ನೋಡಿದಾಗಲೆಲ್ಲ ಅವಳು ಸಣ್ಣ ಕಲ್ಲೊಂದನ್ನು ತೆಗೆಯುವಳು, ಇಳೀತು ಎನ್ನುವಳು. ಮಂದಾಕಿನಿ ತಿರುಪು ಸಡಿಲಿಸುವರು. ಇಳೀತು, ಸಡಿಲು. ಇಳೀತು, ಸಡಿಲು. ಒಬ್ಬರ ಕಣ್ಣು ಮುಳ್ಳಿನ ಮೇಲೆ, ಇನ್ನೊಬ್ಬರ ಕಣ್ಣು ನೀಲಿಯ ಮೇಲೆ. ನೀಲಿ ಮೆಲ್ಲಗೆ ಮಾಸುತ್ತಿತ್ತು.

ಇದ್ದಕ್ಕಿದ್ದ ಹಾಗೆ ಮುಳ್ಳು ನಿಂತುಬಿಟ್ಟಿತು. ಗಿಂಡಿ ಇಳಿಯುತ್ತಿಲ್ಲ. ಜೈತುನಬಿ ಕಿಟಕಿಗೆ ಓಡಿ ನೋಡಿದರೆ, ಹೊರಗೆ ನೀರು ಕುದಿದು ಮುಗಿದಿದೆ, ಓಣಿಯವರು ಕಾಯಿಲ್ಲು ಎತ್ತಿಟ್ಟು ಕೈ ಕಟ್ಟಿ ನಿಂತಿದ್ದಾರೆ. ಕಾದ ನೀರು ಚೆಲ್ಲಿ ತಣ್ಣೀರು ಹಾಕಿ ಎಂದರೆ, ನಲ್ಲಿಗೆ ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಯಾರಿಗೆ ಕೈ ಬಂದೀತು? ಜೈತುನಬಿ ಅಲ್ಲಿಂದಲೇ ಎಲ್ಲರ ವಂಶವನ್ನೂ ತೊಳೆದಳು. ಕುದ್ದದ್ದಕ್ಕೆ ತಣ್ಣೀರು ಬೆರೆಸಿಕೊಂಡು ಎಲ್ಲರೂ ಮೈ ತೊಳೆದುಕೊಳ್ಳಿ, ಬರಿದಾದ ಬಕೆಟ್ಟು ತುಂಬಿ ಮತ್ತೆ ಹಚ್ಚಿ ಎಂದಳು. ಆ ಮಧ್ಯಾಹ್ನ ಜಿನ್ನಿನ ಓಣಿಯಲ್ಲಿ ಆದಷ್ಟು ಸ್ನಾನ ದೀಪಾವಳಿಗೂ ಆಗಿರಲಿಲ್ಲ. ಬಾವಿಗೆ ಹಗ್ಗ ಇಳಿಬಿಟ್ಟರು, ಕೌದಿ ನೆನೆಹಾಕಿದರು, ನೀರು ಕಂಡರೆ ಓಡುತ್ತಿದ್ದ ಗಡ್ಡದ ಮುದುಕರನ್ನೂ ಹಿಡಿದು ತಿಕ್ಕಿದರು. ಕೊನೆಗೆ ತೊಳೆಯದೆ ಉಳಿದದ್ದು ಒಂದು ಎಮ್ಮೆ. ಅದಕ್ಕೂ ಬಿಸಿನೀರು ಎರೆದರು, ಅದು ಮರುದಿನ ಎರಡು ಪಾಲು ಹಾಲು ಕೊಟ್ಟಿತೆಂದು ಅದರ ಒಡತಿ ಈಗಲೂ ಆಣೆ ಮಾಡುತ್ತಾಳೆ.

ಮುಳ್ಳು ಮತ್ತೆ ಅಲುಗಿತು. ಆದರೆ ಶಾವಂತ್ರೆವ್ವನ ಕೈ ಸೋಲುತ್ತಿತ್ತು. ಮಂಚದ ಮೇಲಿಂದ ರಾಜೇಸಾಬ ಅದನ್ನು ನೋಡಿದ. ಅವನು ಮಾತಾಡುವುದೇ ಅಪರೂಪ. ಒಂದೊಂದು ಮಾತಿಗೂ ಉಸಿರು ತೆರಬೇಕು.

"ನಡೀರಿ ಹೊರಗ," ಎಂದ. "ನಾ ಅರಳಿಗಿಂತಾ ಹಗುರಾಗೇನಿ. ಕೆಲಸಿಲ್ಲ, ಓಡಾಟಿಲ್ಲ. ಹಿಂತಾವನ ಸಲುವಾಗಿ ಮೂರು ಮಂದಿ ಯಾಕ ಸಾಯ್ತೀರಿ."

ಜೈತುನಬಿ ತಿರುಗಿಯೂ ನೋಡಲಿಲ್ಲ. "ಇಷ್ಟ ವರ್ಷ ಬಾಯಿ ಬಿಡದಾಂವಗ ಇವತ್ತ ಭಾಷಣ ಸುರು ಆತು ನೋಡ," ಎಂದಳು.

ಉತ್ತರ ಕೊಟ್ಟವರು ಮಂದಾಕಿನಿ. ನೀಲಿಯ ಮೇಲಿನ ಕಣ್ಣು ತೆಗೆಯದೆ, ಪಾಠ ಹೇಳುವ ಹಾಗೆ ಹೇಳಿದರು.

"ಎಲೆಕ್ಟ್ರಾನ್ ಓಡಿ ಗಳಿಸಿದ್ದು ಓಡೂದು ನಿಂತ್ರ ಹೋಗ್ತದ, ಖರೆ. ಆದ್ರ ಸುಮ್ನ ಕೂತಾಗೂ ಅದಕ್ಕ ಒಂದು ತೂಕ ಇರ್ತದ್ರಿ. ಭಾಳ ಸಣ್ಣದು. ಅದನ್ನ ಯಾರಿಗೂ ಕಸಗೊಳ್ಳಿಕ್ಕೆ ಆಗೂದಿಲ್ಲ. ಅದಿಲ್ಲದ ಎಲೆಕ್ಟ್ರಾನ್ ಅನ್ನೂದs ಇಲ್ಲ."

ಶಾವಂತ್ರೆವ್ವ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಮುಂದಿನ ಕಲ್ಲು ತೆಗೆದಳು. ಇಳೀತು. ಸಡಿಲು.

ಹೊತ್ತು ಇಳಿದಂತೆ ಗಿಂಡಿ ಹುಡುಗನ ತೂಕದಿಂದ ಕೂಸಿನ ತೂಕಕ್ಕೆ ಬಂತು, ಕೂಸಿನಿಂದ ಒಂದು ಹೆಸರುಕಾಳಿನ ಪೊಟ್ಟಣಕ್ಕೆ. ನೀಲಿ ಪೂರ್ತಿ ಆರಿತು. ಮೂತಿ ಮುಟ್ಟುವಷ್ಟು ತಣ್ಣಗಾಯಿತು. ಆದರೆ ಒಳಗೆ ಲೇಪ ಎಷ್ಟು ಸವೆದಿದೆಯೋ ಹೇಳಲಾಗದು. ಈ ಗಿಂಡಿಯನ್ನು ನಂಬಿ ರಾಜೇಸಾಬನನ್ನು ಬಿಡುವಂತಿಲ್ಲ, ಈಗಲೇ ಕಿತ್ತು ಹೊಸದು ಹಚ್ಚಬೇಕು ಎಂದರು ಮಂದಾಕಿನಿ. ಕಿತ್ತು ಹಚ್ಚುವ ನಡುವೆ ಯಂತ್ರ ನಿಲ್ಲುತ್ತದೆ.

ಜೈತುನಬಿ ಗಂಡನ ಎದೆಯ ಮೇಲೆ ಅಂಗೈ ಇಟ್ಟು ತಲೆಯಾಡಿಸಿದಳು. ಶಾವಂತ್ರೆವ್ವ ಮೂತಿ ಹಿಡಿದು ತಿರುವಿದಳು. ಬರಲಿಲ್ಲ. ಮಂದಾಕಿನಿ ಗಿಂಡಿಯ ಹೊಟ್ಟೆ ತಬ್ಬಿ ಹಿಡಿದರು, ಅವಳು ಇನ್ನೊಮ್ಮೆ ತಿರುವಿದಳು. ಕಿರ್ರ್ ಎಂದು ವಾಯರು ಬಿಟ್ಟುಕೊಂಡಿತು. ಯಂತ್ರ ನಿಂತಿತು. ಮನೆಯಲ್ಲಿ ಅದುವರೆಗೆ ಇದ್ದ ಸದ್ದು ಎಷ್ಟು ದೊಡ್ಡದಾಗಿತ್ತೆಂದು ಆಗ ಗೊತ್ತಾಯಿತು. ರಾಜೇಸಾಬನ ಕಣ್ಣು ಅಗಲವಾದವು, ಕತ್ತಿನ ನರ ಎದ್ದವು. ಹೊಸ ಗಿಂಡಿಯ ಮೂತಿಗೆ ವಾಯರು ಕೂರುತ್ತಿಲ್ಲ. ಶಾವಂತ್ರೆವ್ವ ಕಣ್ಣು ಮುಚ್ಚಿದಳು, ಬೆರಳಿನಿಂದಲೇ ತೂತು ಹುಡುಕಿ ಒತ್ತಿದಳು. ಯಂತ್ರ ಕೆಮ್ಮಿತು, ಮತ್ತೆ ಗುಂಯ್ ಎಂದಿತು. ಜೈತುನಬಿಯ ಅಂಗೈ ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು.

ಮಂದಾಕಿನಿ ಹಳೆಯ ಗಿಂಡಿಯನ್ನು ಹೊರಗೆ ಕೊಂಡೊಯ್ದು ಉಳಿದದ್ದನ್ನೂ ಬಕೆಟ್ಟಿಗೆ ಇಳಿಸಿ ಬಂದರು. ಧಡೆ ಕಟ್ಟಿದ್ದಕ್ಕೆ ಶಾವಂತ್ರೆವ್ವನನ್ನು ಒಂದು ಮಾತೂ ಅನ್ನಲಿಲ್ಲ. ಯಾಕೆಂದು ಹೇಳದೆ ಗಟ್ಟಿ ಕೊಟ್ಟಿದ್ದು ನಾನು, ನನ್ನ ತಪ್ಪೂ ಅಷ್ಟೇ ಭಾರ ಎಂದು ಹೊಸ್ತಿಲ ಮೇಲೆ ಕೂತುಕೊಂಡರು.

ಜೈತುನಬಿ ಎಲ್ಲರಿಗೂ ಚಹಾ ಮಾಡಿದಳು. ಶಾವಂತ್ರೆವ್ವ ಮಂಚದ ಅಂಚಿನಲ್ಲಿ ಕೂತು ಚಹಾದ ಕಪ್ಪನ್ನೂ ಅದರಡಿಯ ಬಸಿಯನ್ನೂ ತೆಗೆದುಕೊಂಡಳು. ಬೆಳಗಿನಿಂದ ಅರಗುಂಜಿಯ ವ್ಯತ್ಯಾಸವನ್ನೂ ಹಿಡಿದಿದ್ದ ಕೈಗಳು ಆ ಒಂದು ಕಪ್ಪನ್ನು ಹಿಡಿಯಲಾರದೆ ಗಡಗಡ ನಡುಗಿದವು. ಬಸಿ ಕಟಕಟ ಬಡಿಯಿತು, ಚಹಾ ಸೀರೆಯ ಮೇಲೆ ಚೆಲ್ಲಿತು. ಅವಳು ಕೆಳಗಿಡಲು ಹೋದಳು, ಅದೂ ಆಗಲಿಲ್ಲ.

ರಾಜೇಸಾಬ ಮೂಗಿನ ನಳಿಗೆ ಒಂದು ಕೈಯಲ್ಲಿ ಸರಿಮಾಡಿಕೊಂಡು ಮುಂದೆ ಬಗ್ಗಿದ. ಕಡ್ಡಿಯಂಥ ಕೈ ಚಾಚಿ ಕಪ್ಪು ಬಸಿ ಎರಡನ್ನೂ ಅವಳಿಂದ ತೆಗೆದುಕೊಂಡ. ಚಹಾವನ್ನು ಬಸಿಗೆ ಬಗ್ಗಿಸಿ, ಊದಿ ಆರಿಸಲು ತನಗೆ ಉಸಿರಿಲ್ಲವೆಂದು ನೆನಪಾಗಿ ಅದು ತಾನಾಗಿ ಆರುವ ತನಕ ಕಾದು, ಅವಳ ತುಟಿಗೆ ಹಿಡಿದ. ಬಸಿ ಅಲುಗಲಿಲ್ಲ.

"ಕುಡಿ ತಂಗಿ," ಎಂದ. "ನಾ ಹಿಡದೀನಿ."